ಸಂಶಯದ ಕೊನೆಯ ಮೆಟ್ಟಿಲು

'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂಬುದು ಕನ್ನಡದ ಹಳೆಯ ಗಾದೆ. ಕಣ್ಣಿಗೆ ಕಂಡದ್ದು ಕಂಡಂತೆಯೇ ಇರಬೇಕೆಂಬ ನಿಯಮವಿಲ್ಲ. ನೀರಿನಲ್ಲಿ ಅರ್ಧ ಮುಳುಗಿದ ನೇರವಾದ ಕೋಲು ಬಾಗಿದಂತೆ ಕಾಣುತ್ತದೆ. ನಸುಗತ್ತಲೆಯಲ್ಲಿ ಬಿದ್ದಿರುವ ಹಗ್ಗ ಹಾವಾಗಿ ತೋರಿ ಎದೆಯನ್ನು ನಡುಗಿಸುತ್ತದೆ. ಓಡುವ ರೈಲಿನಲ್ಲಿ ಕುಳಿತವನಿಗೆ ಹೊರಗಿನ ಮರಗಳೇ ಓಡುತ್ತಿರುವಂತೆ ಭಾಸವಾಗುತ್ತದೆ. ಇಂತಹ ಭ್ರಾಂತಿಗಳನ್ನು ಮನುಷ್ಯನು ಮರುಕ್ಷಣವೇ ತಿದ್ದಿಕೊಂಡು ತನ್ನ ಕೆಲಸದಲ್ಲಿ ತೊಡಗುತ್ತಾನೆ. ಆದರೆ ಪ್ರಮಾಣಿಸಿ ನೋಡುವ ಈ ಕಾರ್ಯವನ್ನು ಎಲ್ಲಿಯೂ ನಿಲ್ಲಿಸದೆ ಮುಂದುವರಿಸಿದರೆ ಏನಾದೀತು? ಎಲ್ಲವನ್ನೂ ಸಂಶಯಿಸುತ್ತ ಹೋದವನಿಗೆ ಕೊನೆಯಲ್ಲಿ ಕಾಲೂರಲು ನೆಲವಾದರೂ ಉಳಿದೀತೆ? ಈ ಪ್ರಶ್ನೆಯನ್ನು ಬೆನ್ನಟ್ಟಿ ಹೋಗಿ, ಸಂಶಯವು ಅಲುಗಿಸಲಾರದ ಒಂದೇ ಒಂದು ಮೆಟ್ಟಿಲನ್ನು ಕಂಡವನು ಫ್ರಾನ್ಸ್ ದೇಶದ ತತ್ತ್ವಜ್ಞಾನಿ ರೆನೆ ಡೇಕಾರ್ಟ್.

ಡೇಕಾರ್ಟನು 1596ನೆಯ ಇಸವಿ ಮಾರ್ಚ್ 31ರಂದು ಲಾ ಹೇ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ಆ ಊರಿಗೆ ಇಂದು ಆತನ ಹೆಸರೇ ಇದೆ. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ ಆತನು ಲಾ ಫ್ಲೆಷ್ ಎಂಬಲ್ಲಿದ್ದ ಜೆಸ್ಯೂಟ್ ಪಾದ್ರಿಗಳ ಪ್ರಸಿದ್ಧ ವಿದ್ಯಾಶಾಲೆಯಲ್ಲಿ ಓದಿದನು. ಭಾಷೆ, ಇತಿಹಾಸ, ತರ್ಕ, ತತ್ತ್ವಶಾಸ್ತ್ರ ಎಲ್ಲವನ್ನೂ ಅಲ್ಲಿ ಕಲಿಸಿದರು. ವ್ಯಾಸಂಗ ಮುಗಿದಾಗ ಮಾತ್ರ ಆ ತರುಣನಿಗೆ ತೃಪ್ತಿಯಾಗಲಿಲ್ಲ. ಒಬ್ಬ ಪಂಡಿತನು ಸತ್ಯವೆಂದು ಸಾಧಿಸಿದ್ದನ್ನು ಇನ್ನೊಬ್ಬ ಪಂಡಿತನು ಸುಳ್ಳೆಂದು ಖಂಡಿಸುತ್ತಿದ್ದನು. ಕಲಿತ ವಿದ್ಯೆಗಳಲ್ಲಿ ಗಣಿತವೊಂದೇ ಆತನಿಗೆ ಭದ್ರವಾದ ತಳಹದಿಯುಳ್ಳದ್ದಾಗಿ ತೋರಿತು. ಮುಂದೆ ಆತನು ಬೀಜಗಣಿತವನ್ನೂ ರೇಖಾಗಣಿತವನ್ನೂ ಬೆಸೆದು ಹೊಸ ಮಾರ್ಗವನ್ನೇ ತೆರೆದನು. ಪ್ರೌಢಶಾಲೆಯ ವಿದ್ಯಾರ್ಥಿಗಳು ಗ್ರಾಫ್ ಹಾಳೆಯ ಮೇಲೆ ಬಿಂದುಗಳನ್ನು ಗುರುತಿಸುವ ಪದ್ಧತಿಗೆ 'ಕಾರ್ಟೇಸಿಯನ್' ಎಂಬ ಹೆಸರು ಬಂದದ್ದು ಆತನಿಂದಲೇ.

ಅಂದಿನ ಯೂರೋಪು ನೆಮ್ಮದಿಯ ನಾಡಾಗಿರಲಿಲ್ಲ. ಮತಭೇದ ಮತ್ತು ರಾಜ್ಯದಾಹಗಳಿಂದ ಹೊತ್ತಿಕೊಂಡ ಮಹಾಯುದ್ಧವೊಂದು 1618ರಿಂದ 1648ರವರೆಗೆ ಮೂವತ್ತು ವರ್ಷಗಳ ಕಾಲ ಉರಿಯಿತು. ಭೂಮಿಯು ಸೂರ್ಯನನ್ನು ಸುತ್ತುತ್ತದೆ ಎಂಬ ಮತವನ್ನು ಎತ್ತಿಹಿಡಿದುದಕ್ಕಾಗಿ 1633ರಲ್ಲಿ ರೋಮಿನ ಧರ್ಮನ್ಯಾಯಾಲಯವು ಗೆಲಿಲಿಯೋವಿಗೆ ಶಿಕ್ಷೆ ವಿಧಿಸಿತು. ಆ ಸುದ್ದಿಯನ್ನು ಕೇಳಿದ ಡೇಕಾರ್ಟನು, ಅದೇ ಮತವನ್ನು ಒಳಗೊಂಡಿದ್ದ ತನ್ನ ಗ್ರಂಥವೊಂದನ್ನು ಪ್ರಕಟಿಸದೆ ಕಟ್ಟಿಟ್ಟನು. ಹಿರಿಯರು ಹೇಳಿದರೆಂಬ ಕಾರಣಕ್ಕೆ ಒಂದು ಮಾತು ಸತ್ಯವಾಗುವುದೇ, ವಿಚಾರಕ್ಕೆ ತನ್ನದೇ ಆದ ಆಧಾರವುಂಟೇ ಎಂಬುದು ಆ ಕಾಲದಲ್ಲಿ ಕೇವಲ ಪಂಡಿತರ ಚರ್ಚೆಯ ವಿಷಯವಾಗಿರಲಿಲ್ಲ; ಮನುಷ್ಯನ ಪ್ರಾಣ ಮಾನಗಳಿಗೆ ಸಂಬಂಧಿಸಿದ ಪ್ರಶ್ನೆಯಾಗಿತ್ತು.

ಇದಕ್ಕೂ ಮೊದಲು, 1619ರ ಚಳಿಗಾಲದಲ್ಲಿ, ಸೈನ್ಯದೊಡನೆ ಸಂಚರಿಸುತ್ತಿದ್ದ ಡೇಕಾರ್ಟನು ಜರ್ಮನಿಯ ಒಂದು ಊರಿನಲ್ಲಿ ತಂಗಬೇಕಾಯಿತು. ಆಗ ಆತನಿಗೆ 23 ವರ್ಷ. ಮಾತನಾಡಲು ಜೊತೆಗಾರರಿಲ್ಲ, ಮನಸ್ಸನ್ನು ಕದಡುವ ಚಿಂತೆಗಳೂ ಇಲ್ಲ. ಒಲೆಯಿಂದ ಬೆಚ್ಚಗಾಗಿದ್ದ ಕೋಣೆಯಲ್ಲಿ ದಿನವಿಡೀ ಒಬ್ಬನೇ ಕುಳಿತು ಆತನು ತನ್ನ ಜ್ಞಾನವನ್ನೆಲ್ಲ ಬುಡದಿಂದ ಪರೀಕ್ಷಿಸಬೇಕೆಂದು ನಿಶ್ಚಯಿಸಿದನು. ಈ ಪರೀಕ್ಷೆಯ ಕ್ರಮವನ್ನು ಆತನು ಮುಂದೆ ಹಣ್ಣಿನ ಬುಟ್ಟಿಯ ಹೋಲಿಕೆಯಿಂದ ವಿವರಿಸಿದ್ದಾನೆ. ಸೇಬುಗಳ ಬುಟ್ಟಿಯಲ್ಲಿ ಕೆಲವು ಕೊಳೆತಿವೆಯೆಂಬ ಅನುಮಾನ ಬಂದರೆ ಜಾಣನಾದವನು ಬುಟ್ಟಿಯನ್ನು ಸಂಪೂರ್ಣವಾಗಿ ಬರಿದುಮಾಡುತ್ತಾನೆ. ಅನಂತರ ಒಂದೊಂದು ಹಣ್ಣನ್ನೂ ಪರಿಶೀಲಿಸಿ, ಕೆಡದಿರುವುದನ್ನು ಮಾತ್ರ ಮತ್ತೆ ತುಂಬುತ್ತಾನೆ. ಡೇಕಾರ್ಟನ ಸಂಶಯವೂ ಇಂತಹುದು. ಅದು ಯಾವುದನ್ನೂ ನಂಬದ ಸಿನಿಕನ ಸಂಶಯವಲ್ಲ. ನಂಬಲು ಯೋಗ್ಯವಾದುದನ್ನು ಹುಡುಕುವವನ ಸಂಶಯ.

ಬಾವಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಯುವವನಂತೆ ಆತನು ಸಂಶಯದ ಮೆಟ್ಟಿಲುಗಳನ್ನು ಇಳಿಯುತ್ತಾನೆ. ಮೊದಲನೆಯ ಮೆಟ್ಟಿಲು ಇಂದ್ರಿಯಗಳದ್ದು. ಒಮ್ಮೆ ವಂಚಿಸಿದವರನ್ನು ಪೂರ್ಣವಾಗಿ ನಂಬುವುದು ವಿವೇಕವಲ್ಲ. ಇಂದ್ರಿಯಗಳು ಎಷ್ಟೋ ಬಾರಿ ವಂಚಿಸಿವೆ. ಆದರೂ ದೂರದ ಗೋಪುರದ ಆಕಾರದಲ್ಲಿ ತಪ್ಪಾಗಬಹುದೇ ಹೊರತು, ತಾನು ಒಲೆಯ ಮುಂದೆ ಕುಳಿತಿರುವುದರಲ್ಲಿ ತಪ್ಪಾದೀತೆ? ಆಗ ಎರಡನೆಯ ಮೆಟ್ಟಿಲು ಎದುರಾಗುತ್ತದೆ. ಹಾಸಿಗೆಯ ಮೇಲೆ ಮಲಗಿ ನಿದ್ರಿಸುವಾಗಲೂ ಒಲೆಯ ಮುಂದೆ ಕುಳಿತಂತೆ ಕನಸು ಕಾಣುವುದುಂಟು. ಕನಸು ನಡೆಯುವಷ್ಟು ಹೊತ್ತು ಅದು ಕನಸೆಂದು ತೋರುವುದಿಲ್ಲ. ಹಾಗಾದರೆ ಈಗಿನ ಎಚ್ಚರವೂ ಕನಸಲ್ಲವೆಂದು ಹೇಳುವ ಗುರುತೇನು? ಇರಲಿ, ಕನಸಿನಲ್ಲಿಯೂ ಎರಡಕ್ಕೆ ಮೂರನ್ನು ಕೂಡಿಸಿದರೆ ಐದೇ ಅಲ್ಲವೆ? ಇಲ್ಲಿ ಮೂರನೆಯ ಮೆಟ್ಟಿಲು. ಅಪಾರ ಶಕ್ತಿಯುಳ್ಳ ಮಾಯಾವಿಯೊಬ್ಬನು, ಕೂಡಿಸಿದಾಗಲೆಲ್ಲ ತಪ್ಪುವಂತೆ ಮನುಷ್ಯನ ಬುದ್ಧಿಯನ್ನೇ ಮರುಳುಗೊಳಿಸುತ್ತಿದ್ದರೆ? ಆಕಾಶ, ಭೂಮಿ, ಬಣ್ಣ, ಧ್ವನಿ, ಕೈಕಾಲುಗಳು ಎಲ್ಲವೂ ಅವನು ಒಡ್ಡಿದ ಬಲೆಗಳಾಗಿದ್ದರೆ? ಇಷ್ಟು ದೂರ ಇಳಿದು ಬಂದವನ ಸ್ಥಿತಿ ಮಡುವಿನಲ್ಲಿ ಬಿದ್ದವನ ಸ್ಥಿತಿಯಂತಾಗುತ್ತದೆ. ಕೆಳಗೆ ಕಾಲಿಗೆ ನೆಲ ಎಟಕುವುದಿಲ್ಲ. ಮೇಲಕ್ಕೆ ಈಜಿ ಬರಲೂ ಆಗುವುದಿಲ್ಲ.

ಈ ಆಳದಲ್ಲಿಯೇ ಡೇಕಾರ್ಟನಿಗೆ ಆಧಾರ ಸಿಕ್ಕಿತು. ಮಾಯಾವಿಯು ಎಷ್ಟೇ ವಂಚಿಸಲಿ, ವಂಚನೆಗೆ ಒಳಗಾಗಲು ಒಬ್ಬನು ಬೇಕೇ ಬೇಕು. ಎಲ್ಲವೂ ಸುಳ್ಳೆಂದು ಸಂಶಯಿಸುವಾಗಲೂ ಸಂಶಯಿಸುವ ಕ್ರಿಯೆಯೊಂದು ನಡೆಯುತ್ತಲೇ ಇರುತ್ತದೆ. ಸಂಶಯಿಸುವುದೆಂದರೆ ಚಿಂತಿಸುವುದು. ತಾನು ಚಿಂತಿಸುತ್ತಿರುವುದರಿಂದ ತಾನು ಇರಲೇಬೇಕು. 'ನಾನು ಇಲ್ಲ' ಎಂದು ಯೋಚಿಸಲು ಹೊರಟರೂ ಆ ಯೋಚನೆಯೇ ತನ್ನ ಇರವಿಗೆ ಸಾಕ್ಷಿಯಾಗುತ್ತದೆ. ಈ ವಿಚಾರವನ್ನು ಡೇಕಾರ್ಟನು 1637ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಪ್ರಕಟವಾದ ತನ್ನ ವಿಚಾರಪದ್ಧತಿಯ ಗ್ರಂಥದಲ್ಲಿ ಮೊದಲು ತಿಳಿಸಿದನು. ಪಂಡಿತರ ಭಾಷೆಯಾದ ಲ್ಯಾಟಿನ್ನನ್ನು ಬಿಟ್ಟು, ಸಹಜವಾದ ವಿವೇಕವುಳ್ಳವರೆಲ್ಲರೂ ಓದಿ ತೀರ್ಪು ಹೇಳಲೆಂದು ಅದನ್ನು ಜನರ ನುಡಿಯಾದ ಫ್ರೆಂಚಿನಲ್ಲಿ ಬರೆದನು. 1641ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಹೊರತಂದ 'ಧ್ಯಾನಗಳು' ಎಂಬ ಕೃತಿಯಲ್ಲಿ ಅದೇ ವಿಚಾರವನ್ನು ಇನ್ನೂ ಆಳವಾಗಿ ವಿವೇಚಿಸಿದನು. ಭೂಮಿಯನ್ನೇ ಸರಿಸಲು ಆರ್ಕಿಮಿಡೀಸನು ಕೇಳಿದ್ದು ಅಲುಗಾಡದ ಒಂದು ಬಿಂದುವನ್ನು ಮಾತ್ರ; ಜ್ಞಾನದ ಲೋಕದಲ್ಲಿ ಅಂತಹ ಬಿಂದು ತನಗೆ ದೊರೆಯಿತೆಂದು ಡೇಕಾರ್ಟನು ಭಾವಿಸಿದನು.

ಈ ತರ್ಕದ ಸ್ವಾರಸ್ಯವನ್ನು ನಮ್ಮ ನಾಡಿನ ಒಂದು ಹಳೆಯ ಕಥೆಯ ಮೂಲಕ ಸುಲಭವಾಗಿ ತಿಳಿಯಬಹುದು. ವಿದ್ಯಾರಣ್ಯರ ಹೆಸರಿನಲ್ಲಿರುವ 'ಪಂಚದಶಿ'ಯೇ ಮೊದಲಾದ ಅದ್ವೈತ ಗ್ರಂಥಗಳು ಈ ಕಥೆಯನ್ನು ದೃಷ್ಟಾಂತವಾಗಿ ಬಳಸಿವೆ. ಹತ್ತು ಮಂದಿ ಒಂದು ಹೊಳೆಯನ್ನು ದಾಟಿದರು. ಎಲ್ಲರೂ ದಡ ಸೇರಿದರೇ ಎಂದು ತಿಳಿಯಲು ಒಬ್ಬನು ಎಣಿಸಿದನು. ಒಂಬತ್ತು ಮಂದಿ ಮಾತ್ರ ಸಿಕ್ಕಿದರು. ಹತ್ತನೆಯವನು ಹೊಳೆಯ ಪಾಲಾದನೆಂದು ಎಲ್ಲರೂ ಗೋಳಾಡಿದರು. ದಾರಿಹೋಕನೊಬ್ಬನು ಬಂದು, ಎಣಿಸಿದವನ ಕಡೆಗೇ ಬೆರಳು ತೋರಿಸಿ, ಹತ್ತನೆಯವನು ಅವನೇ ಎಂದು ತಿಳಿಸಿದನು. ಎಣಿಸುವವನು ತನ್ನನ್ನು ಬಿಟ್ಟು ಎಲ್ಲರನ್ನೂ ಎಣಿಸಿದ್ದನು. ಅವನ ಲೆಕ್ಕ ತಪ್ಪಾಗಿದ್ದಿತು, ನಿಜ. ಆದರೆ ತಪ್ಪು ಲೆಕ್ಕವನ್ನು ಮಾಡಲು ಕೂಡ ಲೆಕ್ಕಮಾಡುವವನು ಇರಬೇಕಷ್ಟೆ. ಡೇಕಾರ್ಟನಿಗಿಂತ ಸಾವಿರದ ಇನ್ನೂರು ವರ್ಷಗಳಷ್ಟು ಹಿಂದೆ ಕ್ರೈಸ್ತ ಸಂತ ಆಗಸ್ಟೀನನೂ ಇಂತಹುದೇ ಯುಕ್ತಿಯನ್ನು ಮುಂದಿಟ್ಟಿದ್ದನು: ತಾನು ಮೋಸಹೋಗುವುದಾದರೆ ಮೋಸಹೋಗುವುದಕ್ಕಾದರೂ ತಾನು ಇರಬೇಕು. ಶಂಕರಾಚಾರ್ಯರೂ ತಮ್ಮ ಬ್ರಹ್ಮಸೂತ್ರಭಾಷ್ಯದಲ್ಲಿ, ಆತ್ಮನನ್ನು ಅಲ್ಲಗಳೆಯಲು ಸಾಧ್ಯವಿಲ್ಲ, ಅಲ್ಲಗಳೆಯುವವನ ಸ್ವರೂಪವೇ ಆತ್ಮನಾಗಿದೆ ಎಂದು ವಾದಿಸಿದ್ದಾರೆ. ಬೇರೆ ಬೇರೆ ನಾಡುಗಳಲ್ಲಿ, ಬೇರೆ ಬೇರೆ ಗುರಿಗಳನ್ನಿಟ್ಟುಕೊಂಡು ಹೊರಟವರು ಒಂದೇ ತಿರುವನ್ನು ಹಾದುಹೋಗಿದ್ದಾರೆ.

ಡೇಕಾರ್ಟನ ಮಾತನ್ನು ಎಲ್ಲರೂ ತಲೆದೂಗಿ ಒಪ್ಪಲಿಲ್ಲ. ಆತನು ಮೆಚ್ಚತಕ್ಕ ಕೆಲಸವೊಂದನ್ನು ಮಾಡಿದನು. ತನ್ನ ಗ್ರಂಥದ ಹಸ್ತಪ್ರತಿಯನ್ನು ಮಿತ್ರನಾದ ಮೆರ್ಸೆನ್ನನ ಮೂಲಕ ಅಂದಿನ ವಿದ್ವಾಂಸರಿಗೆ ತಲುಪಿಸಿ, ಅವರ ಆಕ್ಷೇಪಣೆಗಳನ್ನೂ ತನ್ನ ಸಮಾಧಾನಗಳನ್ನೂ ಗ್ರಂಥದೊಡನೆಯೇ ಅಚ್ಚುಹಾಕಿಸಿದನು. ಗಸೆಂಡಿ ಎಂಬ ವಿದ್ವಾಂಸನು, ಇರವನ್ನು ಸಾಧಿಸಲು ಚಿಂತನೆಯೇ ಏಕೆ ಬೇಕು, ಬೇರಾವ ಕ್ರಿಯೆಯಿಂದಲೂ ಅದನ್ನು ಸಾಧಿಸಬಹುದಲ್ಲವೆ ಎಂದು ಕೇಳಿದನು. ಡೇಕಾರ್ಟನು ನಡಿಗೆಯ ಉದಾಹರಣೆಯಿಂದ ಉತ್ತರಿಸಿದನು. ನಡೆಯುತ್ತಿರುವೆನೆಂದು ಕನಸಿನಲ್ಲಿಯೂ ತೋರಬಹುದು; ಆಗ ಕಾಲುಗಳು ಹಾಸಿಗೆಯ ಮೇಲೆ ನಿಶ್ಚಲವಾಗಿಯೇ ಇರುತ್ತವೆ. ಆದುದರಿಂದ ನಡಿಗೆಯು ಸಂಶಯಕ್ಕೆ ಎಡೆಗೊಡುತ್ತದೆ. ಆದರೆ ನಡೆಯುತ್ತಿರುವೆನೆಂದು ತೋರುತ್ತಿದೆಯಲ್ಲ, ಆ ತೋರಿಕೆ ಸುಳ್ಳಾಗಲಾರದು. ನಡಿಗೆ ಹುಸಿಯಾದರೂ ನಡೆಯುತ್ತಿರುವೆನೆಂಬ ಅರಿವು ಹುಸಿಯಲ್ಲ. ಈ ಉತ್ತರದಲ್ಲಿ ಗಸೆಂಡಿಯ ಪ್ರಶ್ನೆಗೆ ಸಮಾಧಾನವಿದೆ.

ಕಠಿಣವಾದ ಆಕ್ಷೇಪಣೆಗಳು ಬಂದದ್ದು ಮುಂದಿನ ಹೆಜ್ಜೆಗೆ. ಡೇಕಾರ್ಟನು 'ಇದ್ದೇನೆ' ಎಂಬಲ್ಲಿಗೆ ನಿಲ್ಲಲಿಲ್ಲ. ತಾನು ಚಿಂತನೆಯೇ ಸ್ವಭಾವವಾಗಿ ಉಳ್ಳ ಒಂದು ವಸ್ತು, ದೇಹವಿಲ್ಲದೆಯೂ ಇರಬಲ್ಲ ಮನಸ್ಸು ಎಂದು ಆತನು ನಿರ್ಣಯಿಸಿದನು. ಆಂಗ್ಲ ತತ್ತ್ವಜ್ಞಾನಿ ಹಾಬ್ಸನು ಇದನ್ನು ಒಪ್ಪಲಿಲ್ಲ. ಚಿಂತಿಸುವ ಕ್ರಿಯೆಯಿಂದ ಚಿಂತಿಸುವ ವಸ್ತುವೊಂದಿದೆ ಎಂದು ತಿಳಿಯಬಹುದು. ಆದರೆ ಆ ವಸ್ತುವು ದೇಹವೇ ಏಕಾಗಿರಬಾರದು ಎಂದು ಅವನು ಕೇಳಿದನು. 1643ರಲ್ಲಿ ಬೊಹೀಮಿಯದ ರಾಜಕುಮಾರಿ ಎಲಿಜಬೆತ್ ಡೇಕಾರ್ಟನಿಗೆ ಒಂದು ಪತ್ರ ಬರೆದಳು. ರಾಜ್ಯವನ್ನು ಕಳೆದುಕೊಂಡು ಹಾಲೆಂಡಿನಲ್ಲಿ ಆಶ್ರಯ ಪಡೆದಿದ್ದ ಕುಟುಂಬದ ಆ ತರುಣಿಗೆ ಆಗ 24 ವರ್ಷ. ಆಕಾರವಿಲ್ಲದ, ಜಾಗವನ್ನು ಆಕ್ರಮಿಸದ ಮನಸ್ಸು, ಕೈಯನ್ನು ಎತ್ತುವಂತೆ ದೇಹವನ್ನು ಹೇಗೆ ಪ್ರೇರಿಸುತ್ತದೆ, ಮುಟ್ಟದೆ ತಳ್ಳುವುದು ಹೇಗೆ ಎಂದು ಆಕೆ ಕೇಳಿದಳು. ಡೇಕಾರ್ಟನು ಉತ್ತರಿಸಿದನು, ಆಕೆ ಮತ್ತೆ ಪ್ರಶ್ನಿಸಿದಳು. ಆ ಪತ್ರವ್ಯವಹಾರವು ಆತನ ಕೊನೆಗಾಲದವರೆಗೂ ನಡೆಯಿತು. ಇಂದಿಗೂ ಮಿದುಳು ಮತ್ತು ಮನಸ್ಸುಗಳ ಸಂಬಂಧವನ್ನು ಕುರಿತ ಚರ್ಚೆಯಲ್ಲಿ ಎಲಿಜಬೆತ್ತಳ ಪ್ರಶ್ನೆ ಜೀವಂತವಾಗಿದೆ.

ಮುಂದಿನ ಶತಮಾನದಲ್ಲಿ 'ನಾನು' ಎಂಬ ಪದದ ಮೇಲೆಯೇ ಸಂಶಯ ಹುಟ್ಟಿತು. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮನು 1739ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತನ್ನ ಒಳಗನ್ನು ನೋಡಿಕೊಂಡಾಗಲೆಲ್ಲ ಬಿಸಿಯೋ ತಂಪೋ, ಪ್ರೀತಿಯೋ ದ್ವೇಷವೋ, ನೋವೋ ನಲಿವೋ ಎದುರಾಗುತ್ತದೆಯೇ ಹೊರತು, ಇವುಗಳ ಒಡೆಯನಾದ 'ನಾನು' ಎಂದೂ ಸಿಕ್ಕುವುದಿಲ್ಲ ಎಂದನು. ಇದಕ್ಕೆ ಹತ್ತಿರವಾದ ಮಾತನ್ನು ಬೌದ್ಧರು ಬಹು ಹಿಂದೆಯೇ ಆಡಿದ್ದರು. ಭಿಕ್ಷು ನಾಗಸೇನನು ಯವನರಾಜ ಮಿಲಿಂದನಿಗೆ ರಥದ ದೃಷ್ಟಾಂತವನ್ನು ಹೇಳಿದನೆಂದು 'ಮಿಲಿಂದ ಪ್ರಶ್ನೆ' ಎಂಬ ಗ್ರಂಥ ತಿಳಿಸುತ್ತದೆ. ಗಾಲಿ ರಥವಲ್ಲ, ಅಚ್ಚು ರಥವಲ್ಲ, ನೊಗವೂ ರಥವಲ್ಲ. ಇವೆಲ್ಲ ಕೂಡಿದಾಗ ರಥವೆಂಬ ಹೆಸರು ಬಳಕೆಗೆ ಬರುತ್ತದೆ. ವ್ಯಕ್ತಿ ಎಂಬುದೂ ಹಾಗೆಯೇ ಎಂದು ಅವನ ಅಭಿಪ್ರಾಯ. ಜರ್ಮನಿಯ ಭೌತವಿಜ್ಞಾನಿ ಲಿಖ್ಟನ್‌ಬರ್ಗನು ತನ್ನ ಟಿಪ್ಪಣಿಗಳಲ್ಲಿ ಇನ್ನೊಂದು ಸೂಕ್ಷ್ಮವನ್ನು ಎತ್ತಿದನು. 'ಮಿಂಚುತ್ತದೆ' ಎನ್ನುವಾಗ ಮಿಂಚುವವರಾರು ಎಂದು ಯಾರೂ ಕೇಳುವುದಿಲ್ಲ. ಹಾಗೆಯೇ 'ಚಿಂತನೆ ನಡೆಯುತ್ತದೆ' ಎಂದಷ್ಟೇ ಹೇಳಬೇಕಲ್ಲದೆ, 'ನಾನು ಚಿಂತಿಸುತ್ತೇನೆ' ಎಂದು ಹೇಳಿದರೆ ಅದು ಹೆಚ್ಚಿನ ಮಾತಾಯಿತು.

ಕನ್ನಡ ಬಲ್ಲವರಿಗೆ ಈ ಸೂಕ್ಷ್ಮವು ವ್ಯಾಕರಣದಲ್ಲಿಯೇ ಗೋಚರವಾಗುತ್ತದೆ. 'ಚಿಂತಿಸುತ್ತೇನೆ' ಎಂಬ ಕ್ರಿಯಾಪದದ ಕೊನೆಯಲ್ಲಿರುವ ಉತ್ತಮಪುರುಷ ಪ್ರತ್ಯಯವು 'ನಾನು' ಎಂಬುದನ್ನು ಆಗಲೇ ಒಳಗೆ ತಂದು ಕೂರಿಸಿರುತ್ತದೆ. ಹಾಗಾದರೆ 'ಆದುದರಿಂದ ನಾನಿದ್ದೇನೆ' ಎಂದು ಹೊರತೆಗೆದದ್ದು, ಮೊದಲೇ ಒಳಗಿಟ್ಟಿದ್ದ ವಸ್ತುವನ್ನೇ ಅಲ್ಲವೆ? ಇದಕ್ಕೆ ಉತ್ತರವೂ ಕನ್ನಡದಲ್ಲಿಯೇ ಇದೆ. 'ನನಗೆ ನೆನಪಾಯಿತು', 'ನನಗೆ ಹೊಳೆಯಿತು' ಎಂಬ ಪ್ರಯೋಗಗಳಲ್ಲಿ 'ನಾನು' ಕರ್ತೃವಲ್ಲ. ನೆನಪು ತಾನಾಗಿ ಬರುತ್ತದೆ; ವಿಚಾರ ತಾನಾಗಿ ಹೊಳೆಯುತ್ತದೆ. ಚಿಂತನೆಯೆಲ್ಲ 'ನಾನು' ಮಾಡುವ ಕೆಲಸವಲ್ಲವೆಂಬ ಅನುಭವವನ್ನು ಭಾಷೆಯೇ ಒಪ್ಪಿಕೊಂಡಿದೆ. ಆದರೂ ಆ ವಾಕ್ಯಗಳಿಂದ 'ನನಗೆ' ಎಂಬ ಪದ ಮಾಯವಾಗಿಲ್ಲ. ಯಾರೂ ನೋಡದಿದ್ದರೂ ಮಿಂಚು ಮಿಂಚುತ್ತದೆ. ಆದರೆ ಯಾರಿಗೂ ಹೊಳೆಯದ ವಿಚಾರ, ಯಾರಿಗೂ ನೋಯದ ನೋವು ಎಂಬ ಮಾತಿಗೆ ಅರ್ಥವಿದೆಯೆ? 1781ರಲ್ಲಿ ಜರ್ಮನಿಯ ಇಮ್ಯಾನುಯಲ್ ಕ್ಯಾಂಟನು ಈ ಮಧ್ಯಮಮಾರ್ಗವನ್ನೇ ಹಿಡಿದನು. ಅವನ ಪ್ರಕಾರ, ಅನುಭವವೆಲ್ಲವೂ 'ನಾನು ಚಿಂತಿಸುತ್ತೇನೆ' ಎಂಬ ಅರಿವಿನೊಡನೆ ಕೂಡಿಬರಲು ಸಾಧ್ಯವಿರಬೇಕು. ಆದರೆ ಅಷ್ಟರಿಂದಲೇ 'ನಾನು' ಎಂಬುದು ಅಳಿವಿಲ್ಲದ ಒಂದು ವಸ್ತುವೆಂದು ಸಿದ್ಧವಾಗುವುದಿಲ್ಲ.

ಹೀಗೆ ನೋಡಿದಾಗ ಡೇಕಾರ್ಟನ ಶೋಧದಲ್ಲಿ ಎರಡು ಭಾಗಗಳಿರುವುದು ಸ್ಪಷ್ಟವಾಗುತ್ತದೆ. 'ಇದ್ದೇನೆಯೆ?' ಎಂಬುದು ಒಂದು ಪ್ರಶ್ನೆ, 'ಏನಾಗಿದ್ದೇನೆ?' ಎಂಬುದು ಇನ್ನೊಂದು. ಮೊದಲನೆಯದಕ್ಕೆ ಚಿಂತನೆಯು ಉತ್ತರ ಕೊಡುತ್ತದೆ. ಅರಿವು ನಡೆಯುತ್ತಿರುವಾಗ, ಅದು ಯಾರಿಗೆ ನಡೆಯುತ್ತಿದೆಯೋ ಅವರು ತಮ್ಮ ಇರವನ್ನು ಅಲ್ಲಗಳೆಯಲಾರರು. ಎರಡನೆಯದಕ್ಕೆ ಅದರಿಂದ ಉತ್ತರ ಸಿಗುವುದಿಲ್ಲ. ದೇಹವೋ, ಮನಸ್ಸೋ, ಅನುಭವಗಳ ಪ್ರವಾಹವೋ, ಶಾಶ್ವತವಾದ ಆತ್ಮವೋ ಎಂಬುದನ್ನು ತಿಳಿಯಲು ಬೇರೆ ಪ್ರಮಾಣಗಳು ಬೇಕು. ಹೊಳೆಯ ದಡದಲ್ಲಿ ದಾರಿಹೋಕನು ಬೆರಳು ತೋರಿಸಿದಾಗ ಹತ್ತನೆಯವನು ಇದ್ದಾನೆಂಬುದು ತಿಳಿಯಿತು. ಅವನ ಗುಣವೇನು, ಸ್ವಭಾವವೇನು ಎಂಬುದು ಅದರಿಂದ ತಿಳಿಯಲಿಲ್ಲ. ಡೇಕಾರ್ಟನು ಕಂಡ ಮೆಟ್ಟಿಲು ಗಟ್ಟಿಯಾದುದು, ಆದರೆ ಕಿರಿದಾದುದು.

ಈ ತರ್ಕವನ್ನು ತಿರುಗಿಸಿ ಹೇಳುವ ತಪ್ಪಿನಿಂದಲೂ ಎಚ್ಚರವಾಗಿರಬೇಕು. ಚಿಂತಿಸುವವನು ಇದ್ದಾನೆ ಎಂದ ಮಾತ್ರಕ್ಕೆ ಚಿಂತಿಸದವನು ಇಲ್ಲ ಎಂದಾಗುವುದಿಲ್ಲ. ನಮ್ಮ ತರ್ಕಶಾಸ್ತ್ರದಲ್ಲಿ ಇದಕ್ಕೆ ಸೊಗಸಾದ ಉದಾಹರಣೆಯಿದೆ. ಹೊಗೆಯಿದ್ದಲ್ಲಿ ಬೆಂಕಿಯಿದೆ, ಆದರೆ ಕಾದು ಕೆಂಪಗಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಯು ಬೆಂಕಿಯ ಗುರುತು ಮಾತ್ರ. ಬೆಂಕಿಯನ್ನು ಹುಟ್ಟಿಸಿದ ಕಾರಣವಲ್ಲ. ಚಿಂತನೆಯೂ ಇರವಿನ ಗುರುತು. ಗಾಢನಿದ್ರೆಯಲ್ಲಿರುವವನು ತನ್ನ ಇರವನ್ನು ತಾನು ಸಾಧಿಸಲಾರನು. ಆದರೂ ಬೆಳಿಗ್ಗೆ ಎದ್ದು, ಸುಖವಾಗಿ ಮಲಗಿದ್ದೆನೆಂದು ಹೇಳುತ್ತಾನೆ. ತೊಟ್ಟಿಲ ಮಗುವು ತರ್ಕವನ್ನು ಅರಿಯದು. ಮುಪ್ಪಿನಲ್ಲಿ ನೆನಪು ಮಾಸಿ, ಮಕ್ಕಳ ಹೆಸರನ್ನೂ ಮರೆತ ಅಜ್ಜಿಗೆ ವಿಚಾರದ ಎಳೆಯನ್ನು ಹಿಡಿದು ಸಾಗುವ ಶಕ್ತಿ ಉಳಿದಿರಲಿಕ್ಕಿಲ್ಲ. ಇಂಥವರು ತಮ್ಮ ಪರವಾಗಿ ಪ್ರಮಾಣವನ್ನು ಒಡ್ಡಲಾರರೆಂಬ ಕಾರಣಕ್ಕೆ ಅವರ ಇರವಿಗೆ ಕುಂದು ಬರುವುದಿಲ್ಲ. ಅವರಿಗೆ ಸಲ್ಲಬೇಕಾದ ಆದರಕ್ಕೂ ಕುಂದು ಬರಬಾರದು. ಹತ್ತನೆಯವನು ತನ್ನನ್ನು ತಾನು ಎಣಿಸಿಕೊಳ್ಳದೆ ಹೋದರೂ, ಕಂಡು ತೋರಿಸುವ ಇನ್ನೊಬ್ಬನು ಇದ್ದನು. ತನ್ನ ಇರವಿಗೆ ತನ್ನ ಚಿಂತನೆ ಸಾಕ್ಷಿಯಾದರೆ, ಮತ್ತೊಬ್ಬರ ಇರವಿಗೆ ಸಾಕ್ಷಿಯಾಗುವ ಹೊಣೆ ಸುತ್ತಲಿನ ಮನುಷ್ಯರದು.

ಡೇಕಾರ್ಟನು 1649ರಲ್ಲಿ ರಾಣಿ ಕ್ರಿಸ್ಟೀನಳ ಆಹ್ವಾನದ ಮೇರೆಗೆ ಸ್ವೀಡನ್ನಿಗೆ ತೆರಳಿದನು. ಬೆಳಿಗ್ಗೆ ಹಾಸಿಗೆಯಲ್ಲಿಯೇ ಬಹಳ ಹೊತ್ತು ಚಿಂತನೆಯಲ್ಲಿ ಕಳೆಯುವ ಅಭ್ಯಾಸವಿದ್ದ ಆತನು, ಅಲ್ಲಿನ ಕಡುಚಳಿಯಲ್ಲಿ ಮುಂಜಾನೆ 5 ಗಂಟೆಗೆ ರಾಣಿಗೆ ಪಾಠ ಹೇಳಬೇಕಾಯಿತು. ಶ್ವಾಸಕೋಶದ ಉರಿಯೂತಕ್ಕೆ ತುತ್ತಾಗಿ 1650ನೆಯ ಇಸವಿ ಫೆಬ್ರವರಿ 11ರಂದು, ತನ್ನ 53ನೆಯ ವಯಸ್ಸಿನಲ್ಲಿ, ಸ್ಟಾಕ್‌ಹೋಮಿನಲ್ಲಿ ನಿಧನ ಹೊಂದಿದನು.

ಆತನು ಕಟ್ಟಿದ ಸಿದ್ಧಾಂತದ ಹಲವು ಭಾಗಗಳನ್ನು ಮುಂದಿನವರು ಒಪ್ಪಲಿಲ್ಲ. ಆದರೆ ಆತನು ತೋರಿದ ಧೈರ್ಯವನ್ನು ಯಾರೂ ಅಲ್ಲಗಳೆಯಲಿಲ್ಲ. ತನಗೆ ಪ್ರಿಯವಾದ ನಂಬಿಕೆಗಳನ್ನೂ ಪರೀಕ್ಷೆಯಿಂದ ಹೊರಗಿಡಲಿಲ್ಲ. ತನ್ನ ಮಾತನ್ನು ಪರೀಕ್ಷಿಸುವ ಹಕ್ಕನ್ನು ಇತರರಿಗೂ ಬಿಟ್ಟುಕೊಟ್ಟನು. ಎದುರಾಳಿಗಳ ಆಕ್ಷೇಪಣೆಗಳಿಗೆ ತನ್ನ ಗ್ರಂಥದಲ್ಲಿಯೇ ಸ್ಥಳ ನೀಡಿದನು. ಎಷ್ಟು ಸಿದ್ಧವಾಗಿದೆಯೋ ಅಷ್ಟನ್ನೇ ಸಿದ್ಧವೆನ್ನುವುದು, ಉಳಿದದ್ದನ್ನು ಇನ್ನೂ ಹುಡುಕಬೇಕಾದುದೆಂದು ಒಪ್ಪಿಕೊಳ್ಳುವುದು ವಿಚಾರವಂತನ ಲಕ್ಷಣ. ಪ್ರಮಾಣಿಸಿ ನೋಡೆಂದು ಹೇಳುವ ಗಾದೆಯು ಪರರ ಮಾತುಗಳಿಗೆ ಅನ್ವಯಿಸುವಂತೆ ತನ್ನ ಮಾತಿಗೂ ಅನ್ವಯಿಸುತ್ತದೆ ಎಂಬುದನ್ನು ಅರಿತವನು ಸಂಶಯಕ್ಕೆ ಅಂಜುವುದಿಲ್ಲ.